ಹೂವಿನ ಹಾರದಲ್ಲಿ ದಾರ ಯಾರು? ದೇಶದ ಏಕತೆಗೆ ಯಾವ ಹೋಲಿಕೆ ಕೊಡೋದು?

ಎಂಟನೇ ಕ್ಲಾಸ್ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಕಳೆದ ವಾರ ‘ವಿವಿಧತೆಯಲ್ಲಿ ಏಕತೆ’ ಪಾಠ ಮಾಡುತ್ತಿದ್ದೆ. ವರ್ಷಾವರ್ಷ ಹೇಳುವುದನ್ನೇ ಈ ಸಲವೂ ಹೇಳಿದೆ. ದೇಶ ಅಂದರೆ ಹೂವಿನ ಹಾರ, ನೂರು ಬಣ್ಣದ ಹೂವು, ದಾರ ಮಾತ್ರ ಒಂದೇ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಹೂವು ಯಾರು ಅಂತ ಗೊತ್ತಾಯ್ತು. ದಾರ ಯಾರು?"

ಸಂವಿಧಾನ ಅಂದೆ. ಅವಳು ಕೂತಳು. ಆದರೆ ಅವಳಿಗೆ ಸಮಾಧಾನ ಆಗಿರಲಿಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಆಗಿಲ್ಲ. ಯುಗೊಸ್ಲಾವಿಯಕ್ಕೂ ಸಂವಿಧಾನ ಇತ್ತು, 1974ರದ್ದು, ಬಹಳ ಉದ್ದನೆಯದು. ಆದರೂ ದೇಶ ಒಡೆದು ಹಾರ ಹರಿದುಹೋಯಿತು. ಇನ್ನೊಂದು ವಿಷಯ, ಹಾರ ಆಗಬೇಕಾದರೆ ಹೂವನ್ನು ಮೊದಲು ಗಿಡದಿಂದ ಕೀಳಬೇಕು. ಇದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.

ಬೇರೆ ದೇಶಗಳಲ್ಲಿ ಬೇರೆ ಬೇರೆ ಹೋಲಿಕೆ ಹೇಳುತ್ತಾರಲ್ಲ, ಅವುಗಳಲ್ಲಿ ಯಾವುದನ್ನು ಹೇಳಿದರೆ ಮಕ್ಕಳಿಗೆ ಸುಳ್ಳು ಹೇಳಿದ ಹಾಗೆ ಆಗುವುದಿಲ್ಲ? ತಿಳಿದವರು ಬರೆಯಿರಿ. ಸೋಮವಾರ ಆ ಹುಡುಗಿಗೆ ಉತ್ತರ ಕೊಡಬೇಕು.

ಮಳೆನೀರು:
ಹುಡುಗಿಗೆ ಒಂದು ಶಹಬ್ಬಾಸ್ ಹೇಳಿ ಮೇಷ್ಟ್ರೇ.

ಗೀಜಗ:
ದಾರ ಅಂದರೆ ಭಾಷೆ. ಒಂದು ಭಾಷೆ ಇದ್ದರೆ ದೇಶ ಒಂದಾಗಿರುತ್ತದೆ, ಇಲ್ಲದಿದ್ದರೆ ಇಲ್ಲ. ಇದಕ್ಕೆ ಇಷ್ಟು ಯೋಚನೆ ಯಾಕೆ?

ನೇರಮಾತು:
@ಗೀಜಗ ಹಾಗೆ ನಂಬಿದವರು ಏನು ಮಾಡಿಕೊಂಡರು ನೋಡಿ. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿಗೆ ಸ್ಥಾನ ಕೇಳಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. ಆಗ ಪಾಕಿಸ್ತಾನದಲ್ಲಿ ಹೆಚ್ಚು ಜನ ಆಡುತ್ತಿದ್ದದ್ದೇ ಬಂಗಾಳಿ, ಆದರೂ ದಾರ ಉರ್ದು ಒಂದೇ ಅಂದರು. 1971ಕ್ಕೆ ದೇಶ ಎರಡಾಯಿತು. ಶ್ರೀಲಂಕಾದಲ್ಲಿ 1956ರಲ್ಲಿ ಸಿಂಹಳ ಮಾತ್ರ ಅನ್ನುವ ಕಾನೂನು ತಂದರು. ಅಲ್ಲಿ ದೊಡ್ಡ ಹೂವೇ ‘ನಾನೇ ದಾರ’ ಅಂದುಬಿಟ್ಟಿತು. ಮುಂದಿನದು ಎಲ್ಲರಿಗೂ ಗೊತ್ತು. ಆ ಹುಡುಗಿಯ ಪ್ರಶ್ನೆ ಚಿಕ್ಕದಲ್ಲ.

ಗೀಜಗ:
ಸರಿ, ಒಪ್ಪಿದೆ, ಹೇರಿದರೆ ಆಗುವುದಿಲ್ಲ. ಹಾಗಾದರೆ ಹಾರ ಬಿಡಿ. ಅಮೆರಿಕದವರು ‘ಮೆಲ್ಟಿಂಗ್ ಪಾಟ್’ ಅಂತಾರಲ್ಲ, ಎಲ್ಲರನ್ನೂ ಒಂದೇ ಪಾತ್ರೆಗೆ ಹಾಕಿ ಬೇಯಿಸುವುದು. ಎಲ್ಲ ಬೆರೆತು ಒಂದೇ ರುಚಿ. ಅದು ಚೆನ್ನಾಗಿದೆ ಅಲ್ವಾ?

ಅಕ್ಕಸಾಲಿ ಮಗ:
ಒಂದು ತಿದ್ದುಪಡಿ. ಅದು ಅಡುಗೆ ಪಾತ್ರೆ ಅಲ್ಲ. ಸುಮಾರು ಜನ ಹಾಗೇ ಅಂದುಕೊಂಡಿದ್ದಾರೆ. ಅದು ಲೋಹ ಕರಗಿಸುವ ಪಾತ್ರೆ, ನಮ್ಮ ಕಸುಬಿನಲ್ಲಿ ಮೂಸೆ ಅನ್ನುತ್ತೇವೆ. ನಮ್ಮಪ್ಪ ಮೂಸೆಯಲ್ಲಿ ಹಳೆ ಒಡವೆ ಕರಗಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬಳೆ, ಓಲೆ, ಉಂಗುರ ಎಲ್ಲ ಒಳಗೆ ಹೋದ ಮೇಲೆ ಯಾವುದು ಯಾರದ್ದು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಜೊತೆಗೆ ಇನ್ನೊಂದು ಇದೆ. ಕರಗಿಸುವಾಗ ಬಿಳಿಗಾರ ಹಾಕುತ್ತೇವೆ, ಕಲ್ಮಶ ಎಲ್ಲ ಮೇಲೆ ಬರುತ್ತದೆ, ಅದನ್ನು ಕಿಟ್ಟ ಅಂತ ತೆಗೆದು ಬಿಸಾಡುತ್ತೇವೆ.

ಒಡವೆ ವಿಷಯದಲ್ಲಿ ಅದು ಸರಿ. ಮನುಷ್ಯರ ವಿಷಯದಲ್ಲಿ ಕಿಟ್ಟ ಯಾರು? ನನಗೆ ಈ ಹೋಲಿಕೆ ಕೇಳಿದಾಗಲೆಲ್ಲ ಅದೇ ಯೋಚನೆ ಬರುತ್ತದೆ.

ಗೀಜಗ:
ಮೂಸೆ ಅಂದರೆ ಕುಲುಮೆನೇ ತಾನೆ?

ಅಕ್ಕಸಾಲಿ ಮಗ:
ಅಲ್ಲ. ಕುಲುಮೆ ಅಂದರೆ ಬೆಂಕಿ ಇರುವ ಒಲೆ. ಮೂಸೆ ಅಂದರೆ ಆ ಬೆಂಕಿಯಲ್ಲಿ ಇಡುವ ಚಿಕ್ಕ ಬಟ್ಟಲು.

ಹಳೇ ನಕ್ಷೆ:
ಅಕ್ಕಸಾಲಿ ಅವರು ಹೇಳಿದ್ದು ಪೂರ್ತಿ ಸರಿ. ಆ ಮಾತನ್ನು ಮನೆಮಾತು ಮಾಡಿದ್ದು ಇಸ್ರೇಲ್ ಝಾಂಗ್ವಿಲ್ ಅವರ ನಾಟಕ, 1908ರಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲು ಆಡಿದ್ದು. ಅದರಲ್ಲಿ ‘ದೇವರ ಮೂಸೆ’ ಅನ್ನುವ ಅರ್ಥದ ಮಾತೇ ಬರುತ್ತದೆ. ಥಿಯೊಡೊರ್ ರೂಸ್ವೆಲ್ಟ್ ಆಗ ಅಧ್ಯಕ್ಷರು, ನಾಟಕ ನೋಡಿ ತುಂಬಾ ಮೆಚ್ಚಿಕೊಂಡರು. ಬರೆದವರು ಅಮೆರಿಕದವರಲ್ಲ, ಲಂಡನ್ನಿನಲ್ಲಿ ಹುಟ್ಟಿದ ಯಹೂದಿ. ಕರಗಿಸುವ ಕಲ್ಪನೆ ಇನ್ನೂ ಹಳೆಯದು, 1782ರಲ್ಲೇ ಕ್ರೆವ್‌ಕುರ್ ಅನ್ನುವವರು ಅಮೆರಿಕದಲ್ಲಿ ಎಲ್ಲ ದೇಶದವರೂ ಕರಗಿ ಹೊಸ ಜನಾಂಗ ಆಗುತ್ತಿದ್ದಾರೆ ಅಂತ ಬರೆದಿದ್ದರು.

ಈಗ ಕಿಟ್ಟದ ವಿಷಯ. ಕ್ರೆವ್‌ಕುರ್ ಆ ಮಾತು ಬರೆದಾಗ ಯುರೋಪಿನವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಅಲ್ಲೇ ಗುಲಾಮರಾಗಿದ್ದ ಆಫ್ರಿಕದವರು ಮೂಸೆಯ ಹತ್ತಿರವೂ ಇರಲಿಲ್ಲ. 1882ರಲ್ಲಿ ಚೀನಾದ ಕೂಲಿಕಾರರು ದೇಶದೊಳಗೆ ಬರಬಾರದು ಅಂತ ಕಾನೂನು ಆಯಿತು, 1943ರವರೆಗೂ ಅದು ತೆಗೆಯಲಿಲ್ಲ. 1924ರಲ್ಲಿ ಏಷ್ಯದವರಿಗೆ ಬಾಗಿಲು ಹೆಚ್ಚುಕಮ್ಮಿ ಪೂರ್ತಿ ಮುಚ್ಚಿತು, ದಕ್ಷಿಣ ಮತ್ತು ಪೂರ್ವ ಯುರೋಪಿನವರಿಗೂ ಬಹಳ ಕಡಿಮೆ ಕೋಟಾ. ಮೂಸೆಯ ಮಾತು ಎಲ್ಲರ ಬಾಯಲ್ಲಿದ್ದ ಕಾಲ ಅದು.

ಇನ್ನೊಂದು ಚಿತ್ರ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. 1910ರ ದಶಕದಲ್ಲಿ ಫೋರ್ಡ್ ಕಾರ್ಖಾನೆಯವರು ವಲಸೆ ಬಂದ ಕೆಲಸಗಾರರಿಗೆ ಇಂಗ್ಲಿಷ್ ಶಾಲೆ ನಡೆಸುತ್ತಿದ್ದರು. ಪಾಸಾದವರಿಗೆ ಒಂದು ಸಮಾರಂಭ. ವೇದಿಕೆ ಮೇಲೆ ನಿಜವಾಗಲೂ ಒಂದು ದೊಡ್ಡ ಮೂಸೆ. ತಮ್ಮ ತಮ್ಮ ಊರಿನ ಬಟ್ಟೆಯಲ್ಲಿ ಒಳಗೆ ಇಳಿಯಬೇಕು, ಅಮೆರಿಕದ ಕೋಟು ಹಾಕಿಕೊಂಡು ಬಾವುಟ ಹಿಡಿದು ಹೊರಗೆ ಬರಬೇಕು. ಬಂದವರಲ್ಲಿ ಎಷ್ಟೋ ಜನ ಖುಷಿಯಿಂದಲೇ ಬಂದಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಮೆರಿಕದವರ ಬಟ್ಟೆ ಆ ಮೂಸೆಗೆ ಹೋಗಲಿಲ್ಲ. ಎಲ್ಲರೂ ಕರಗಿ ಹೊಸದಾದರು ಅನ್ನುತ್ತೇವೆ, ಕರಗಿದ್ದು ಮಾತ್ರ ಒಂದೇ ಕಡೆಯವರು.

ಪದಬೇಟೆ:
ಇದು ಹೊರಗಿನವರ ಹೋಲಿಕೆ ಅಂತ ದೂರ ಇಡಬೇಡಿ. ‘ನದಿಗಳೆಲ್ಲ ಕಡಲು ಸೇರುತ್ತವೆ’ ಅಂತ ನಾವೂ ಹೇಳುತ್ತೇವಲ್ಲ? ಮುಂಡಕ ಉಪನಿಷತ್ತಿನಲ್ಲಿ ನದಿಗಳು ಹೆಸರು, ರೂಪ ಎರಡನ್ನೂ ಬಿಟ್ಟು ಸಮುದ್ರ ಸೇರುತ್ತವೆ ಅಂತ ಇದೆ. ಅಲ್ಲಿ ಅದು ಆತ್ಮದ ವಿಷಯ, ಅಲ್ಲಿಗೆ ಅದು ಬಹಳ ದೊಡ್ಡ ಮಾತು. ಅದನ್ನೇ ತಂದು ದೇಶಕ್ಕೆ ಹೇಳಿದರೆ ಮೂಸೆ ಆಗುತ್ತದೆ. ಹೆಸರು ಬಿಡು, ರೂಪ ಬಿಡು, ಆಮೇಲೆ ನಮ್ಮವನು.

ಮಳೆನೀರು:
ಅದಕ್ಕೇ ಈಗ ಸಲಾಡ್ ಬಟ್ಟಲು ಅನ್ನುತ್ತಾರೆ. ಎಲ್ಲ ಒಂದೇ ಬಟ್ಟಲಲ್ಲಿ, ಆದರೆ ಪ್ರತಿ ಚೂರೂ ತನ್ನ ರುಚಿ ಉಳಿಸಿಕೊಳ್ಳುತ್ತದೆ.

ನೇರಮಾತು:
ಅದು ಒಂದು ದಿನಕ್ಕೆ. ಪಕ್ಕಪಕ್ಕದಲ್ಲಿ ಕೂತರೂ ಒಬ್ಬರಿಂದ ಒಬ್ಬರು ಏನೂ ಕಲಿಯದ ಜನರ ಹೋಲಿಕೆ ಅದು. ಮುನ್ನೂರು ವರ್ಷ ನೆರೆಹೊರೆಯಲ್ಲಿದ್ದೂ ಬದಲಾಗದೇ ಇರುವವರು ಯಾರಿದ್ದಾರೆ?

ದೂರದೇಶಿ:
ನಾನು ಹದಿನಾರು ವರ್ಷದಿಂದ ಕೆನಡದಲ್ಲಿದ್ದೇನೆ. ಇಲ್ಲಿಯವರು ಹೇಳುವುದು ಮೊಸಾಯಿಕ್, ಬಣ್ಣದ ಹರಳು ಜೋಡಿಸಿ ಮಾಡುವ ಚಿತ್ರ. 1938ರಲ್ಲಿ ಜಾನ್ ಮರೆ ಗಿಬ್ಬನ್ ಅನ್ನುವವರು ಇದೇ ಹೆಸರಿನಲ್ಲಿ ಪುಸ್ತಕ ಬರೆದರು. ಅವರು ರೈಲ್ವೆ ಕಂಪನಿಯೊಂದರ ಪ್ರಚಾರ ನೋಡಿಕೊಳ್ಳುತ್ತಿದ್ದವರು. 1971ರಲ್ಲಿ ಪಿಯರ್ ಟ್ರೂಡೊ ಬಹುಸಂಸ್ಕೃತಿಯನ್ನು ಸರ್ಕಾರದ ನೀತಿ ಅಂತ ಘೋಷಿಸಿದರು, 1988ರಲ್ಲಿ ಕಾನೂನೇ ಆಯಿತು. ನನ್ನ ಅನುಭವ ಹೇಳುತ್ತೇನೆ. ನನ್ನ ಮಗಳ ಹೆಸರನ್ನು ಚಿಕ್ಕದು ಮಾಡಿ ಅಂತ ಇಲ್ಲಿ ಯಾರೂ ಕೇಳಿಲ್ಲ. ಅದು ನನಗೆ ದೊಡ್ಡ ವಿಷಯ. ಅದರ ಋಣ ನನ್ನ ಮೇಲಿದೆ.

ಆದರೆ ಎರಡು ಮಾತು ಸೇರಿಸಲೇಬೇಕು. 1965ರಲ್ಲಿ ಜಾನ್ ಪೋರ್ಟರ್ ಅನ್ನುವ ಸಮಾಜಶಾಸ್ತ್ರಜ್ಞರು ಈ ಮೊಸಾಯಿಕ್ ನೆಲದ ಮೇಲೆ ಹರಡಿಲ್ಲ, ಗೋಡೆಯ ಹಾಗೆ ನಿಂತಿದೆ ಅಂತ ತೋರಿಸಿಕೊಟ್ಟರು. ಕೆಲವು ಹರಳು ಯಾವಾಗಲೂ ಮೇಲೆ, ಕೆಲವು ಯಾವಾಗಲೂ ಕೆಳಗೆ. ಹಣ, ಅಧಿಕಾರ ಎಲ್ಲ ಮೇಲಿನವರ ಕೈಯಲ್ಲಿ. ಎರಡನೆಯದು ಇನ್ನೂ ಕಷ್ಟದ್ದು. ಈ ಚಂದದ ಮಾತು ನಡೆಯುತ್ತಿದ್ದಾಗಲೇ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಎಳೆದು ವಸತಿ ಶಾಲೆಗೆ ಹಾಕುತ್ತಿದ್ದರು. ಸುಮಾರು ಒಂದೂವರೆ ಲಕ್ಷ ಮಕ್ಕಳು. ತಮ್ಮ ಭಾಷೆ ಆಡಿದರೆ ಹೊಡೆತ. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಮೊಸಾಯಿಕ್ ಅನ್ನುವ ಮಾತಿನಲ್ಲಿ ಆ ಮಕ್ಕಳಿಗೆ ಜಾಗವೇ ಇರಲಿಲ್ಲ. ಅದನ್ನು ಅವರ ನೆಲದ ಮೇಲೇ ಜೋಡಿಸಿದ್ದು.

ಅಕ್ಕಸಾಲಿ ಮಗ:
ದೂರದೇಶಿ ಅವರೇ, ಇದು ಗೊತ್ತಿರಲಿಲ್ಲ. ಓದಿ ಮನಸ್ಸು ಭಾರವಾಯಿತು.

ಪಿಟೀಲು:
ನನ್ನದು ವಾದ್ಯಗೋಷ್ಠಿ. ಹೊರಗೆ ಆರ್ಕೆಸ್ಟ್ರಾ ಅನ್ನುತ್ತಾರೆ. ಕೊಳಲು ಕೊಳಲಾಗೇ ಇರುತ್ತದೆ, ಪಿಟೀಲು ಪಿಟೀಲಾಗೇ ಇರುತ್ತದೆ. ಆದರೆ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೇ ನುಡಿಸಲು ಆಗುವುದಿಲ್ಲ. ಹಾರದಲ್ಲಿ, ಹರಳಿನಲ್ಲಿ, ಸಲಾಡಿನಲ್ಲಿ ಈ ಕೇಳಿಸಿಕೊಳ್ಳುವುದು ಇಲ್ಲ ನೋಡಿ. ಹೂವು ಪಕ್ಕದ ಹೂವಿನ ಮಾತು ಕೇಳುವುದಿಲ್ಲ.

ಹಳೇ ನಕ್ಷೆ:
ಇದನ್ನೂ ಒಬ್ಬರು ಹೇಳಿದ್ದಾರೆ. ಹೊರೇಸ್ ಕ್ಯಾಲನ್ ಅನ್ನುವ ಅಮೆರಿಕದ ಚಿಂತಕರು, 1915ರಲ್ಲಿ. ಮೂಸೆ ಬೇಡ, ಅಮೆರಿಕ ಒಂದು ಆರ್ಕೆಸ್ಟ್ರಾ ಆಗಲಿ ಅಂತ ದೊಡ್ಡ ಲೇಖನವೇ ಬರೆದರು. ಝಾಂಗ್ವಿಲ್ ನಾಟಕದ ನಾಯಕ ಇದ್ದಾನಲ್ಲ, ಅವನೂ ಸಂಗೀತಗಾರನೇ. ಅಮೆರಿಕದ ಮೇಲೆ ಒಂದು ಸಿಂಫನಿ ಬರೆಯುತ್ತಿರುತ್ತಾನೆ. ಮೂಸೆಯ ನಾಟಕದ ಒಳಗೇ ಆರ್ಕೆಸ್ಟ್ರಾ ಕೂತಿತ್ತು, ಹೆಸರಿಗೆ ಮಾತ್ರ ಮೂಸೆಯೇ ಬಂತು! ಕ್ಯಾಲನ್ ಲೇಖನದ ದೊಡ್ಡ ಕೊರತೆ ಅಂದರೆ ಕರಿಯರ ಬಗ್ಗೆ ಅದರಲ್ಲಿ ಹೆಚ್ಚುಕಮ್ಮಿ ಮಾತೇ ಇಲ್ಲ. ಅವರ ಗೋಷ್ಠಿಯಲ್ಲೂ ಕೆಲವರಿಗೆ ಕುರ್ಚಿ ಹಾಕಿರಲಿಲ್ಲ.

ಗೀಜಗ:
ಗೋಷ್ಠಿ ಅಂದರೆ ಒಬ್ಬ ಕೋಲು ಹಿಡಿದು ನಿಂತಿರುತ್ತಾನೆ. ಅವನು ಯಾರು? ಮತ್ತೆ ಅದೇ ದಾರದ ಪ್ರಶ್ನೆ.

ಪಿಟೀಲು:
ಪ್ರಶ್ನೆ ಸರಿ. ಆದರೆ ಕೋಲು ಹಿಡಿದವನು ಬರುವ ಮೊದಲೇ ಒಂದು ಕೆಲಸ ಆಗಿರುತ್ತದೆ, ಶ್ರುತಿ ಸೇರಿಸುವುದು. ಅಲ್ಲಿ ಓಬೋ ಅನ್ನುವ ಒಂದು ಊದುವ ವಾದ್ಯ ಸ್ವರ ಹಿಡಿಯುತ್ತದೆ, ಉಳಿದವರೆಲ್ಲ ಅದಕ್ಕೆ ಶ್ರುತಿ ಮಾಡಿಕೊಳ್ಳುತ್ತಾರೆ. ಗೋಷ್ಠಿಯಲ್ಲಿ ಪಿಟೀಲುಗಳೇ ಜಾಸ್ತಿ, ಆದರೂ ಶ್ರುತಿ ಕೊಡುವುದು ಪಿಟೀಲಲ್ಲ. ಓಬೋ ಒಂದೋ ಎರಡೋ ಇರುತ್ತವೆ, ಅಷ್ಟೇ. ಅದರ ಸ್ವರ ಅಲುಗದೇ ನಿಲ್ಲುತ್ತದೆ, ಎಲ್ಲರಿಗೂ ಕೇಳುತ್ತದೆ. ಅದಕ್ಕೇ ಅದು.

ಹಳೇ ನಕ್ಷೆ:
ಪಿಟೀಲು ಅವರೇ, ಇದನ್ನು ಓದಿದ ತಕ್ಷಣ ನನಗೆ ಇಂಡೋನೇಷ್ಯ ನೆನಪಾಯಿತು. ಮೇಷ್ಟ್ರೇ, ನಿಮ್ಮ ಹುಡುಗಿಗೆ ಬೇಕಾದ ಉತ್ತರ ಇಲ್ಲಿದೆ ಅಂತ ನನ್ನ ಅನಿಸಿಕೆ.

ಅಲ್ಲಿ ನೂರಾರು ಭಾಷೆಗಳು. ಎಲ್ಲರಿಗಿಂತ ದೊಡ್ಡ ಗುಂಪು ಜಾವಾದವರದ್ದು, ಜನಸಂಖ್ಯೆಯಲ್ಲಿ ಶೇಕಡ 40ರ ಹತ್ತಿರ. ಸಾಹಿತ್ಯವೂ ಅವರದ್ದೇ ಹಳೆಯದು. ಸುಲಭವಾಗಿ ‘ನಾವೇ ದಾರ’ ಅನ್ನಬಹುದಿತ್ತು. ಆದರೆ 1928ರ ಅಕ್ಟೋಬರಿನಲ್ಲಿ ಬೇರೆ ಬೇರೆ ದ್ವೀಪಗಳ ಯುವಕರು ಸೇರಿ ಪ್ರತಿಜ್ಞೆ ಮಾಡಿದಾಗ ಏಕತೆಯ ಭಾಷೆ ಅಂತ ಆರಿಸಿಕೊಂಡದ್ದು ಮಲಯ್ ಮೂಲದ ಭಾಷೆಯನ್ನು. ಮಲಯ್ ಮನೆಮಾತಾಗಿದ್ದವರು ಬಹಳ ಕಡಿಮೆ. ಆದರೆ ಬಂದರುಗಳಲ್ಲಿ, ವ್ಯಾಪಾರದಲ್ಲಿ ಎಲ್ಲರೂ ಅಷ್ಟೋ ಇಷ್ಟೋ ಆಡುತ್ತಿದ್ದರು. ಇನ್ನೊಂದು, ಜಾವಾ ಭಾಷೆಯಲ್ಲಿ ಎದುರಿಗಿರುವವರು ಮೇಲೋ ಕೆಳಗೋ ನೋಡಿಕೊಂಡು ಪದಗಳೇ ಬದಲಾಗುತ್ತವೆ. ಮಲಯ್‌ನಲ್ಲಿ ಆ ಭಾರ ಅಷ್ಟಿಲ್ಲ.

ಅಂದರೆ ದೊಡ್ಡ ಹೂವು ‘ನಾನು ಹೂವಾಗೇ ಇರುತ್ತೇನೆ, ದಾರ ಬೇರೆ ಕಡೆಯಿಂದ ತರೋಣ’ ಅಂತ ಒಪ್ಪಿಕೊಂಡಿತು. ನನ್ನ ಮಟ್ಟಿಗೆ ಏಕತೆ ಅಂದರೆ ಇಷ್ಟೇ, ದೊಡ್ಡವರು ಎಷ್ಟು ಬಿಟ್ಟುಕೊಟ್ಟರು ಅನ್ನುವುದು.

ಮಳೆನೀರು:
ಅವರ ಧ್ಯೇಯವಾಕ್ಯವೂ ಅದೇ ಅಲ್ವಾ, ಬೇರೆ ಬೇರೆಯಾದರೂ ಒಂದೇ ಅಂತ?

ಹಳೇ ನಕ್ಷೆ:
ಹೌದು, ‘ಭಿನ್ನೇಕ ತುಂಗಲ್ ಇಕ’. 14ನೇ ಶತಮಾನದಲ್ಲಿ ಎಂಪು ತಂತುಲಾರ್ ಬರೆದ ಹಳೇ ಜಾವಾ ಕಾವ್ಯದ್ದು. ಅಲ್ಲಿ ಅದು ಶಿವ ಮತ್ತು ಬುದ್ಧ ಬೇರೆ ಬೇರೆ ಅನಿಸಿದರೂ ಒಂದೇ ಅನ್ನುವ ಸಂದರ್ಭದಲ್ಲಿ ಬರುತ್ತದೆ. ‘ಭಿನ್ನ’ ನಮಗೂ ಗೊತ್ತಿರುವ ಪದವೇ.

ನೇರಮಾತು:
ಇಂಡೋನೇಷ್ಯವನ್ನು ಅಷ್ಟು ಎತ್ತಿ ಹಿಡಿಯಬೇಡಿ. ಅಧ್ಯಕ್ಷ ಸುಹಾರ್ತೊ ಕಾಲದಲ್ಲಿ ಅಲ್ಲಿಯ ಚೀನೀ ಮೂಲದವರು ಹೊಸ ವರ್ಷದ ಹಬ್ಬವನ್ನು ಬಯಲಲ್ಲಿ ಮಾಡುವ ಹಾಗಿರಲಿಲ್ಲ. ಚೀನೀ ಶಾಲೆಗಳು ಮುಚ್ಚಿದವು. ಹೆಸರು ಬದಲಾಯಿಸಿಕೊಳ್ಳಿ ಅನ್ನುವ ಒತ್ತಡ ಬೇರೆ. 2000ದವರೆಗೂ ಆ ನಿಷೇಧ ಇತ್ತು. ಪಕ್ಕದ ಈಸ್ಟ್ ತಿಮೋರನ್ನು ಸೈನ್ಯ ಕಳಿಸಿ ಹಿಡಿದಿಟ್ಟುಕೊಂಡ ಕಥೆ ಹೇಳಲೇಬೇಕಾಗಿಲ್ಲ.

ಹಳೇ ನಕ್ಷೆ:
ಒಪ್ಪುತ್ತೇನೆ. ದಾರ ಚೆನ್ನಾಗಿ ಆರಿಸಿಕೊಂಡರು, ಕೆಲವು ಹೂವನ್ನು ಹಾರಕ್ಕೇ ಸೇರಿಸಲಿಲ್ಲ. ಎರಡೂ ನಿಜ. ಮಕ್ಕಳಿಗೆ ಎರಡನ್ನೂ ಹೇಳಬೇಕು.

ಮಳೆನೀರು:
ಕಾಮನಬಿಲ್ಲನ್ನು ಯಾರೂ ಹೇಳಲಿಲ್ಲವಲ್ಲ. ಮಂಡೇಲ ದಕ್ಷಿಣ ಆಫ್ರಿಕಕ್ಕೆ ಇಟ್ಟ ಹೆಸರು ಅದು. ನನಗೆ ಎಲ್ಲಕ್ಕಿಂತ ಇಷ್ಟ. ಅದನ್ನು ಯಾರೂ ಕಟ್ಟಿದ್ದಲ್ಲ, ಹೊಲಿದದ್ದಲ್ಲ, ಕರಗಿಸಿದ್ದಲ್ಲ.

ಪದಬೇಟೆ:
ಮೊದಲು ಹೇಳಿದ್ದು ಅಲ್ಲಿಯ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು. ಮಂಡೇಲ 1994ರ ಮೇ 10ರಂದು ಅಧಿಕಾರ ಸ್ವೀಕಾರದ ಭಾಷಣದಲ್ಲಿ ಬಳಸಿದರು, ಅಲ್ಲಿಂದ ಲೋಕಕ್ಕೆಲ್ಲ ಗೊತ್ತಾಯಿತು. ನನಗೂ ಇಷ್ಟ. ಆದರೆ ಅಲ್ಲಿಯವರೇ ಒಂದು ಮಾತು ಹೇಳುತ್ತಾರೆ, ಕಾಮನಬಿಲ್ಲಿನಲ್ಲಿ ಕಪ್ಪು ಬಣ್ಣ ಇಲ್ಲ ಅಂತ. ಆ ದೇಶದಲ್ಲಿ ಕೂತು ಆ ಮಾತು ಕೇಳಿಸಿಕೊಂಡರೆ ಹೇಗಿರುತ್ತದೆ ಯೋಚಿಸಿ.

ಅಲ್ಲಿಯ ಇನ್ನೊಂದು ವಿಷಯ. ಅವರ ಲಾಂಛನದ ಮೇಲಿನ ಧ್ಯೇಯವಾಕ್ಯ 2000ದಲ್ಲಿ ಬಂದದ್ದು, ವಿವಿಧ ಜನರು ಒಂದಾಗುತ್ತಾರೆ ಅನ್ನುವ ಅರ್ಥ. ಅದಿರುವುದು ಕ್ಸಾಮ್ ಅನ್ನುವ ಭಾಷೆಯಲ್ಲಿ. ಆ ಭಾಷೆ ಆಡುವವರು ಈಗ ಒಬ್ಬರೂ ಇಲ್ಲ. ಅಲ್ಲಿಯ ಮೂಲನಿವಾಸಿ ಸಾನ್ ಜನರಲ್ಲಿ ಒಂದು ಗುಂಪಿನ ಭಾಷೆ ಅದು. ಅವರನ್ನು ಬೇಟೆ ಆಡಿ, ನೆಲ ಕಿತ್ತುಕೊಂಡು ಮುಗಿಸಿದರು. ಯಾವ ಗುಂಪಿನ ಕಡೆಗೂ ವಾಲಿದ ಹಾಗೆ ಆಗಬಾರದು ಅಂತ ಆರಿಸಿದ ಭಾಷೆ, ಸರಿ. ಆದರೆ ಅದನ್ನು ಓದಿಕೊಳ್ಳಬೇಕಾದವರೇ ಇಲ್ಲ. ಇದನ್ನು ಮೊದಲ ಸಲ ತಿಳಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಗೀಜಗ:
ಹೀಗೆ ನೋಡಿದರೆ ಎಲ್ಲದರಲ್ಲೂ ತಪ್ಪಿದೆ. ಹೋಲಿಕೆಯೇ ಬೇಡ. ಎಲ್ಲರಿಗೂ ಸಮಾನ ಹಕ್ಕು ಅಂತ ನೇರವಾಗಿ ಹೇಳಿದರೆ ಸಾಲದಾ? ಸುಮ್ನೆ ಹೂವು ಹಾರ ಅಂತ ಯಾಕೆ?

ದೂರದೇಶಿ:
ಹೋಲಿಕೆ ಬಿಟ್ಟರೆ ಅದು ಹೋಗುವುದಿಲ್ಲ, ಬೇರೆಯವರು ಕೆಟ್ಟದ್ದನ್ನು ತರುತ್ತಾರೆ. 1994ರಲ್ಲಿ ಆಫ್ರಿಕದ ರುವಾಂಡದಲ್ಲಿ ರೇಡಿಯೊದಲ್ಲಿ ಅಲ್ಪಸಂಖ್ಯಾತ ತುತ್ಸಿ ಜನರನ್ನು ಜಿರಳೆ ಅಂತ ಕರೆದರು. ಎತ್ತರದ ಮರ ಕಡಿಯಿರಿ ಅಂದರು. ಕೇಳಿದವರಿಗೆ ಮರ ಅಂದರೆ ಯಾರು ಅಂತ ಗೊತ್ತಿತ್ತು. ನೂರು ದಿನದಲ್ಲಿ ಸುಮಾರು ಎಂಟು ಲಕ್ಷ ಜನ ಸತ್ತರು. ಇದು ಬರೀ ಮಾತಿನ ಅಲಂಕಾರ ಅಲ್ಲ ಸ್ವಾಮಿ.

ನೇರಮಾತು:
ಇದಕ್ಕೆ ನನ್ನದೊಂದು ಸೇರಿಕೆ. ದೇಶವನ್ನು ದೇಹಕ್ಕೆ ಹೋಲಿಸುವುದೂ ಅಪಾಯ. ಕ್ರಿ.ಪೂ. 494ರ ರೋಮಿನ ಕಥೆ ಇದೆ, ಬಡಜನ ಊರು ಬಿಟ್ಟು ಬೆಟ್ಟದ ಮೇಲೆ ಹೋಗಿ ಕೂತರು. ಮೆನೇನಿಯಸ್ ಅನ್ನುವವನು ಅವರಿಗೆ ಹೊಟ್ಟೆ ಮತ್ತು ಕೈಕಾಲಿನ ಕಥೆ ಹೇಳಿದನಂತೆ. ಹೊಟ್ಟೆ ಸುಮ್ಮನೆ ಕೂತು ತಿನ್ನುವ ಹಾಗೆ ಕಂಡರೂ ಎಲ್ಲರಿಗೂ ಶಕ್ತಿ ಕೊಡುವುದು ಅದೇ ಅಂತ. ಹೊಟ್ಟೆ ಯಾರು? ಶ್ರೀಮಂತರು. ಜನ ಕಥೆ ಕೇಳಿ ಇಳಿದು ಬಂದರು ಅಂತಾರೆ, ಆದರೆ ತಮ್ಮ ಪರವಾಗಿ ಟ್ರಿಬ್ಯೂನ್ ಅನ್ನುವ ಅಧಿಕಾರಿಗಳನ್ನು ಪಡೆದ ಮೇಲೇ ಬಂದರು. ನಮ್ಮಲ್ಲೂ ಪುರುಷಸೂಕ್ತದಲ್ಲಿ ಮುಖ, ತೋಳು, ತೊಡೆ, ಪಾದ ಅಂತ ಹಂಚಿದ್ದು ಗೊತ್ತೇ ಇದೆ. ಪಾದವನ್ನು ಯಾವತ್ತೂ ತಲೆಯ ಜಾಗಕ್ಕೆ ಬಾ ಅಂದಿಲ್ಲ.

ಮಳೆನೀರು:
ತೋಟ? ಕುವೆಂಪು ಅವರ ‘ಸರ್ವ ಜನಾಂಗದ ಶಾಂತಿಯ ತೋಟ’ ನೆನಪಾಗಲಿಲ್ವಾ ಯಾರಿಗೂ! ಹಾರದ ಹಾಗಲ್ಲ, ಇಲ್ಲಿ ಹೂವು ಗಿಡದಲ್ಲೇ ಇರುತ್ತದೆ. ಬೇರು ಇರುತ್ತದೆ.

ಎಂಟನೇ ಕ್ಲಾಸ್ ಮೇಷ್ಟ್ರು:
ಅಯ್ಯೋ, ಪ್ರತಿದಿನ ಮಕ್ಕಳ ಜೊತೆ ಹಾಡುತ್ತೇನೆ, ಈ ವ್ಯತ್ಯಾಸ ಗಮನಕ್ಕೇ ಬಂದಿರಲಿಲ್ಲ. ಕಿತ್ತ ಹೂವಲ್ಲ, ಬೇರಿರುವ ಹೂವು. ಬಹಳ ಥ್ಯಾಂಕ್ಸ್.

ನೇರಮಾತು:
ತೋಟ ಒಳ್ಳೆಯದು. ಕಳೆ ಯಾವುದು ಅಂತ ತೀರ್ಮಾನ ಮಾಡುವ ಮಾಲಿ ಬರದೇ ಇದ್ದರೆ. ಕುವೆಂಪು ಅವರ ತೋಟಕ್ಕೆ ಬರುವವರು ರಸಿಕರು, ನೋಡಿ ಖುಷಿಪಡುವವರು. ಆ ಸಾಲಿನಲ್ಲಿ ಮಾಲಿಯ ಮಾತಿಲ್ಲ, ಅದು ನನಗೆ ಇಷ್ಟ.

ಅಕ್ಕಸಾಲಿ ಮಗ:
ಚಿನ್ನದ ಮಾತು ಬಂದದ್ದಕ್ಕೆ ಒಂದು ನೆನಪು. ಸುಮಾರು 850ರ ಕವಿರಾಜಮಾರ್ಗದಲ್ಲಿ ಕಸವರ ಅನ್ನುವ ಪದ ಬರುತ್ತದೆ, ಚಿನ್ನ ಅಂತ ಅರ್ಥ. ಬೇರೆಯವರ ವಿಚಾರವನ್ನೂ ಧರ್ಮವನ್ನೂ ಸೈರಿಸಿಕೊಳ್ಳುವುದೇ ಕಸವರ ಅನ್ನುತ್ತಾನೆ ಕವಿ. ಅಲ್ಲಿ ಚಿನ್ನ ಮೂಸೆಯಲ್ಲಿ ಕರಗಿಸಿ ಬರುವುದಲ್ಲ, ಎದುರಿನವನು ಬೇರೆಯಾಗೇ ಇದ್ದಾಗ ತಾಳಿಕೊಳ್ಳುವುದರಿಂದ ಬರುವುದು. ನಮ್ಮಪ್ಪನಿಗೆ ಇದನ್ನು ಓದಿ ಹೇಳಿದಾಗ ಎರಡು ಸಲ ಓದಿಸಿಕೊಂಡರು.

ಪದಬೇಟೆ:
ಕನ್ನಡದ ವಿಷಯ ಬಂತಲ್ಲ, ಭಾಷೆಯೇ ಒಂದು ಹೋಲಿಕೆ ಆಗಬಹುದು. ಅಲಮಾರು, ಚಾವಿ ಪೋರ್ಚುಗೀಸಿನಿಂದ ಬಂದವು. ಕಾಗದ, ಜಮೀನು ಪಾರಸಿಯಿಂದ. ಬಸ್ಸು ಇಂಗ್ಲಿಷಿನಿಂದ. ಬಂದವು ‘ಅಲಮಾರಿನಲ್ಲಿ’, ‘ಬಸ್ಸಿಗೆ’ ಅಂತ ನಮ್ಮ ಪ್ರತ್ಯಯ ಹಚ್ಚಿಕೊಂಡವು. ಕನ್ನಡವೂ ಸುಮ್ಮನಿರಲಿಲ್ಲ. ಸಂಸ್ಕೃತದ ಪದ ಬರೆಯಲು ಮಹಾಪ್ರಾಣ ಇಟ್ಟುಕೊಂಡಿತು, ಫೋನು ಫ್ಯಾನು ಅನ್ನಲು ಹೊಸ ಸದ್ದನ್ನು ನಾಲಿಗೆಗೆ ಕಲಿಸಿತು. ಬಂದವರೂ ಬದಲಾದರು, ಇದ್ದವರೂ ಬದಲಾದರು. ಇಷ್ಟೂ ಹೋಲಿಕೆಗಳಲ್ಲಿ ಇದ್ದವರು ಬದಲಾಗುವುದು ಇದೊಂದರಲ್ಲೇ.

ಗೀಜಗ:
ಮೇಜು ಕೂಡ ಪೋರ್ಚುಗೀಸ್ ತಾನೆ?

ಪದಬೇಟೆ:
ಪಾರಸಿಯಲ್ಲೂ ‘ಮೇಜ್’ ಇದೆ. ಆ ಜಗಳಕ್ಕೆ ಬೇರೆಯೇ ಒಂದು ಚರ್ಚೆ ಬೇಕು.

ಸೂಜಿದಾರ:
ನಾನು ಕೌದಿ ಹೊಲಿಯುವವಳು. ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. 1984ರಲ್ಲಿ ಅಮೆರಿಕದ ಕರಿಯರ ನಾಯಕ ಜೆಸ್ಸಿ ಜಾಕ್ಸನ್ ಒಂದು ಭಾಷಣದಲ್ಲಿ ಅಮೆರಿಕ ಒಂದೇ ಬಟ್ಟೆಯ ಕಂಬಳಿ ಅಲ್ಲ, ತುಂಡು ಬಟ್ಟೆ ಸೇರಿಸಿ ಹೊಲಿದ ಕೌದಿಯ ಹಾಗೆ ಅಂದಿದ್ದರು. ಅವರೂ ಎಲ್ಲವನ್ನೂ ಹಿಡಿದಿಟ್ಟ ಒಂದು ದಾರದ ಮಾತು ಆಡಿದರು. ಹಾಗಾಗಿ ದಾರದ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಹಾರದ ದಾರ ಒಂದು ಕಡೆ ಹರಿದರೆ ಎಲ್ಲ ಹೂವೂ ಉದುರುತ್ತವೆ. ಕೌದಿಯಲ್ಲಿ ಹಾಗಾಗುವುದಿಲ್ಲ. ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಸಾವಿರಾರು ಸಣ್ಣ ಹೊಲಿಗೆ ಇರುತ್ತವೆ, ಒಂದು ಕಡೆ ಬಿಟ್ಟರೂ ಉಳಿದವು ಹಿಡಿದುಕೊಂಡಿರುತ್ತವೆ. ದಾರ ಒಂದೇ ಎಳೆಯೂ ಅಲ್ಲ. ಮುಗಿದಾಗಲೆಲ್ಲ ಗಂಟು ಹಾಕಿ ಹೊಸದು ತೆಗೆದುಕೊಳ್ಳುತ್ತೇವೆ, ಬಣ್ಣ ಬೇರೆಯಾದರೂ ನಡೆಯುತ್ತದೆ. ಒಬ್ಬರೇ ಹೊಲಿಯುವುದೂ ಇಲ್ಲ, ನಾಲ್ಕು ಜನ ನಾಲ್ಕು ಕಡೆ ಕೂರುತ್ತೇವೆ. ದಾರ ಯಾರು ಅಂದರೆ, ಕೂತು ಹೊಲಿದವರ ದಿನಗಳು ಅಂತ ನಾನು ಆ ಮಗುವಿಗೆ ಹೇಳುತ್ತಿದ್ದೆ.

ಪಿಟೀಲು:
ಅಕ್ಕಾ, ನನ್ನ ಆರ್ಕೆಸ್ಟ್ರಾ ವಾಪಸ್ ತೆಗೆದುಕೊಂಡೆ.

ನೇರಮಾತು:
ಎಲ್ಲರೂ ಕೂತು ಹೊಲಿಯುವ ಮನಸ್ಸು ಮಾಡಿದರೆ ಸರಿ. ಕೆಲವರ ಬಟ್ಟೆಯನ್ನು ಕೇಳದೇ ಕತ್ತರಿಸಿ ತಂದಿದ್ದರೆ?

ಸೂಜಿದಾರ:
ಅದನ್ನು ಮುಚ್ಚಿಡಬಾರದು ತಮ್ಮಾ. ಆ ತುಂಡು ಎಲ್ಲಿಂದ ಬಂತು ಅಂತ ಹೊದೆಯುವವರಿಗೆ ಗೊತ್ತಿರಬೇಕು.

ಎಂಟನೇ ಕ್ಲಾಸ್ ಮೇಷ್ಟ್ರು:
ಸೋಮವಾರದ ಕ್ಲಾಸು ಮುಗಿಸಿ ಬಂದು ಬರೆಯುತ್ತಿದ್ದೇನೆ. ಮೂಸೆ, ಹರಳು, ಕಾಮನಬಿಲ್ಲು, ತೋಟ, ಕೌದಿ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದೆ. ಪ್ರತಿಯೊಂದರ ಕೆಳಗೆ ‘ಇದರಲ್ಲಿ ಯಾರಿಗೆ ಜಾಗ ಇಲ್ಲ?’ ಅಂತ ಬರೆದು ಮಕ್ಕಳಿಗೇ ಬಿಟ್ಟೆ. ಮಲಯ್ ಭಾಷೆಯ ಕಥೆ ಹೇಳಿದಾಗ ಆ ಹುಡುಗಿ ಮೊದಲ ಸಲ ನೋಟ್ಸ್ ಬರೆದುಕೊಂಡಳು. ಕ್ಸಾಮ್ ಭಾಷೆಯ ಬಗ್ಗೆ ಹೇಳಿದಾಗ ಕ್ಲಾಸು ಪೂರ್ತಿ ಸುಮ್ಮನಾಯಿತು.

ಕೊನೆಗೆ ಒಬ್ಬ ಹುಡುಗ ಕೇಳಿದ್ದನ್ನು ಸೂಜಿದಾರ ಅಕ್ಕನಿಗೆ ಕಳಿಸುತ್ತಿದ್ದೇನೆ, ನನಗೆ ಉತ್ತರ ಗೊತ್ತಿಲ್ಲ. ಕೌದಿಯಿಂದ ಒಂದು ತುಂಡು ‘ನಾನು ಹೋಗುತ್ತೇನೆ’ ಅಂದರೆ ಬಿಚ್ಚಲು ಬರುತ್ತದಾ?

ಸೂಜಿದಾರ:
ಬರುತ್ತದೆ ಮೇಷ್ಟ್ರೇ. ನಿಧಾನಕ್ಕೆ ಒಂದೊಂದೇ ಹೊಲಿಗೆ ಬಿಚ್ಚಬೇಕು, ಎಳೆದರೆ ಎರಡೂ ಕಡೆಯ ಬಟ್ಟೆ ಹರಿಯುತ್ತದೆ. ಆದರೆ ನನ್ನ ಹತ್ತಿರ ಬಿಚ್ಚಲು ತಂದ ಕೌದಿಗಳಲ್ಲಿ ಜಾಸ್ತಿ ಸಲ ಆ ತುಂಡಿನ ತಪ್ಪು ಇರಲಿಲ್ಲ. ಪಕ್ಕದಲ್ಲಿ ಯಾರೋ ದಾರ ಬಹಳ ಬಿಗಿಯಾಗಿ ಎಳೆದಿರುತ್ತಾರೆ, ಅಲ್ಲಿ ಬಟ್ಟೆ ಸುಕ್ಕು ಹಿಡಿದಿರುತ್ತದೆ. ಆ ಹೊಲಿಗೆ ಸಡಿಲ ಮಾಡಿ ಕೊಡುತ್ತೇನೆ. ಎಷ್ಟೋ ಸಲ ಬಿಚ್ಚುವ ಕೆಲಸ ಬರುವುದೇ ಇಲ್ಲ.